ಹೆಬ್ಬೆಟ್ಟಿನ ಗೆರೆ ಮೂಡುವವರೆಗೆ

ನಾನಿನ್ನೂ ಬದುಕಿದ್ದೇನೆಂದು ಬರೆದುಕೊಡಲು ಚಿಕ್ಕಮಗಳೂರಿನ ಖಜಾನೆಗೆ ಹೋಗಿದ್ದೆ. ಪಿಂಚಣಿ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸ ಅದು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಳೆಯ ಗುಮಾಸ್ತರೊಬ್ಬರು ತಿರುಗಿ ನೋಡಿ, ನಮ್ಮ ಸಬ್ ರಿಜಿಸ್ಟ್ರಾರರು ತೀರಿಕೊಂಡರಂತೆ ಎಂದರು. "ಯಾರು ಹೇಳಿದ್ದು? ಕಣ್ಣಾರೆ ಕಂಡೋರು ಯಾರಾದ್ರೂ ಇದ್ದಾರಾ?" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಗುಮಾಸ್ತರು ನನ್ನ ಮುಖವನ್ನೇ ನೋಡಿದರು. ಸಾವಿನ ಸುದ್ದಿ ಕೇಳಿದವನು ಅಯ್ಯೋ ಅನ್ನಬೇಕು, ನಾನು ಸಾಕ್ಷಿ ಕೇಳಿದ್ದೆ. ಆ ಚಾಳಿಯನ್ನು ನನಗೆ ಹತ್ತಿಸಿದವರು ಆ ಸತ್ತವರೇ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, ಅದು ತಾವೇ ಎನ್ನುವುದಕ್ಕೆ ಇಬ್ಬರು ಸಾಕ್ಷಿಗಳನ್ನು ಕರೆತಾ ಎನ್ನುವ ಪೈಕಿ ಅವರು. ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚಿನ, ಯುದ್ಧದ ಕಾಲದ ಮಾತು. ನಾನು ಮೂಡಿಗೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತ. ಅವರು ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿ. ಕುಳ್ಳ ಮೈ, ಕತ್ತಿನವರೆಗೆ ಗುಂಡಿ ಹಾಕಿದ ಕರಿಯ ಕೋಟು. ಕೋಟಿನ ಜೇಬಿನಲ್ಲಿ ಒಂದು ಭೂತಗನ್ನಡಿ, ಜನಿವಾರಕ್ಕೆ ಕಟ್ಟಿದ ಬೀಗದ ಕೈ. ಆ ಕೈ ಯಾವ ಪೆಟ್ಟಿಗೆಯದು ಎಂದು ಬಹಳ ದಿನ ನಾವು ತಲೆ ಕೆಡಿಸಿಕೊಂಡಿದ್ದೆವು. ಕೊನೆಗೆ ನೋಡಿದರೆ ಅದರೊಳಗಿದ್ದದ್ದು ಹೆಬ್ಬೆಟ್ಟಿಗೆ ಹಚ್ಚುವ ಮಸಿಯ ಡಬ್ಬಿ.

ಜಮೀನು ಮಾರುವವರು, ದಾನ ಕೊಡುವವರು ನಮ್ಮ ಕಚೇರಿಗೆ ಬಂದು, ಪತ್ರ ಬರೆದುಕೊಟ್ಟದ್ದು ನಾನೇ ಎಂದು ಒಪ್ಪಿಕೊಳ್ಳಬೇಕು. ಅವರು ಅವರೇ ಹೌದೆಂದು ಇಬ್ಬರು ಗುರುತಿನ ಸಾಕ್ಷಿಗಳು ಹೇಳಬೇಕು. ಆಮೇಲೆ ಎಡಗೈ ಹೆಬ್ಬೆಟ್ಟನ್ನು ರಿಜಿಸ್ಟರಿನಲ್ಲಿ ಒತ್ತಬೇಕು. ಹಿಂದಿನ ಅಧಿಕಾರಿಗಳ ಕಾಲದಲ್ಲಿ ಇದೆಲ್ಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಎದುರಿನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದವರನ್ನು ಕೂಗಿ ಕರೆದು ಸಾಕ್ಷಿ ಹಾಕಿಸಿದ್ದೂ ಉಂಟು. ಇವರು ಬಂದ ಮೇಲೆ ಅದು ನಿಂತಿತು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬನನ್ನು ಜಗಲಿಯಲ್ಲಿ, ಇನ್ನೊಬ್ಬನನ್ನು ಹಿಂದಿನ ಕೋಣೆಯಲ್ಲಿ ನಿಲ್ಲಿಸುವರು. "ಪತ್ರ ಬರೆದುಕೊಟ್ಟೋರ ಮನೆ ಬಾವಿ ಯಾವ ದಿಕ್ಕಿಗಿದೆ?" ಎಂದು ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವರು. ಒಂದು ಸಲ ಒಬ್ಬ ಪೂರ್ವ ಎಂದ, ಇನ್ನೊಬ್ಬ ಪಶ್ಚಿಮ ಎಂದ. ಪತ್ರ ಅಲ್ಲಿಗೇ ನಿಂತಿತು. ಎಂಟು ದಿನದ ಮೇಲೆ, ಆ ಮನೆಗೆ ಎರಡು ಬಾವಿ ಇವೆಯೆಂದು ಇಡೀ ಊರಿನವರು ಬಂದು ಹೇಳಬೇಕಾಯಿತು. ಆಗಲೂ ಇವರು, "ಎರಡಿದೆ ಅಂತ ಒಬ್ಬನಾದ್ರೂ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಮುಖ ಗಂಟಿಕ್ಕಿಕೊಂಡೇ ರುಜು ಹಾಕಿದರು.

ಕಳಸದ ಕಡೆಯ ಒಬ್ಬ ರೈತ, ತನ್ನ ಮಾತು ನಂಬದ್ದಕ್ಕೆ ನೊಂದುಕೊಂಡು, "ದೇವ್ರೇ ಸಾಕ್ಷಿ ಸ್ವಾಮಿ" ಎಂದ. ಇವರು ತಲೆ ಎತ್ತದೆ, "ಕರ್ಕೊಂಡು ಬಾ. ಅವನ ಗುರ್ತು ಹೇಳೋಕೆ ಬೇರೆ ಇಬ್ಬರು ಬೇಕು" ಎಂದರು. ಜಗಲಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇವರು ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ ಎಂದೇ ನನ್ನ ಗುಮಾನಿ.

ಸಣ್ಣವರಿಗೆ ಒಂದು, ದೊಡ್ಡವರಿಗೆ ಒಂದು ಎಂಬ ಭೇದ ಮಾತ್ರ ಅವರಲ್ಲಿರಲಿಲ್ಲ. ಒಬ್ಬ ಬಿಳಿಯ ದೊರೆ ತನ್ನ ಎಸ್ಟೇಟಿನ ಒಂದು ಭಾಗವನ್ನು ಮಾರಲು ಬಂದ. ತಾಲ್ಲೂಕಿನಲ್ಲಿ ಅವನ ಕುದುರೆಯ ಗುರುತೂ ಎಲ್ಲರಿಗಿತ್ತು. ಇವರು ಅವನನ್ನೂ ಗುರುತಿನ ಸಾಕ್ಷಿ ಎಲ್ಲಿ ಎಂದು ಕೇಳಿದರು. ದೊರೆ ಕೆಂಪಗಾಗಿ, ನಾನು ಯಾರೆಂದು ನಿನಗೆ ಗೊತ್ತಿಲ್ಲವೇ ಎಂದು ಇಂಗ್ಲಿಷಿನಲ್ಲಿ ಗುಡುಗಿದ. ನನಗೆ ಗೊತ್ತು, ರಿಜಿಸ್ಟರಿಗೆ ಗೊತ್ತಿಲ್ಲ ಎಂದು ಇವರೂ ಇಂಗ್ಲಿಷಿನಲ್ಲೇ ಹೇಳಿದರು. ಕಡೆಗೆ ದೊರೆಯ ಬಟ್ಲರ್ ಮತ್ತು ಡ್ರೈವರ್ ಒಳಗೆ ಬಂದು, ಇವರು ನಮ್ಮ ದೊರೆಗಳೇ ಹೌದೆಂದು ಹೆಬ್ಬೆಟ್ಟು ಒತ್ತಿದರು. ಆ ದಿನ ನಾನು ಅವರನ್ನು ಮನಸ್ಸಿನಲ್ಲೇ ಹೊಗಳಿದ್ದೆ. ಆ ಹೊಗಳಿಕೆ ಬಹಳ ದಿನ ಉಳಿಯಲಿಲ್ಲ.

ಯಾಕೆಂದರೆ ಅದೇ ತಿಂಗಳು ಹೆಬ್ಬೆಟ್ಟಿನ ರಿಜಿಸ್ಟರಿನ ಒಂದು ಹಾಳೆ ಕಾಣದಾಯಿತು. ಜಗಲಿಯಲ್ಲಿ ಜನ ತುಂಬಿದ್ದಾಗಲೇ ಇವರು ನನ್ನನ್ನು ಎದ್ದು ನಿಲ್ಲಿಸಿ, "ಜೇಬು ತೆಗೆದು ತೋರ್ಸಯ್ಯ" ಎಂದರು. ಎರಡು ಜೇಬನ್ನೂ ಹೊರಗೆಳೆದು ತೋರಿಸಿದೆ. ಒಂದು ಕರವಸ್ತ್ರ, ಅರ್ಧ ಬೀಡಿ. ಅರ್ಧ ಬೀಡಿಗೆ ಜನ ನಕ್ಕದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಂಜೆಗೆ ಆ ಹಾಳೆ ಥಂಡಿಗೆ ಮುಂದಿನ ಹಾಳೆಗೆ ಅಂಟಿಕೊಂಡಿದ್ದು ಗೊತ್ತಾಯಿತು. ಅವರು ಅದನ್ನು ಬಿಡಿಸಿ, ಒಣಗಿಸಿ, ನನ್ನ ಕಡೆ ನೋಡದೆ ಒಳಗಿಟ್ಟರು. ತಪ್ಪಾಯಿತು ಎಂದು ಒಂದು ಮಾತು ಬರಲಿಲ್ಲ. ಆ ಸಿಟ್ಟು ನನ್ನೊಳಗೆ ಹಾಗೇ ಕೂತಿತು.

ಲಕ್ಕಮ್ಮ ಬಂದದ್ದು ಅದಾದ ಮುಂದಿನ ಫೆಬ್ರವರಿಯಲ್ಲಿ, ಕಾಫಿ ಹಣ್ಣಿನ ಕುಯ್ಲು ಮುಗಿಯುತ್ತಿದ್ದ ಹೊತ್ತಿಗೆ. ಬಣಕಲ್ಲಿನ ಹತ್ತಿರದವಳು, ಐವತ್ತರ ಆಸುಪಾಸಿನ ವಿಧವೆ, ಎಸ್ಟೇಟಿನ ಆಳು. ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದ ಒಂದೂವರೆ ಎಕರೆ ಕಾಫಿ ತೋಟ ಅವಳ ಹೆಸರಿನಲ್ಲಿತ್ತು. ಅದನ್ನು ಸಾಕುಮಗಳು ಸೀತೆಗೆ ದಾನಪತ್ರ ಮಾಡಿಕೊಡಲು ಬಂದಿದ್ದಳು. ಅವಳ ಹಿಂದೆಯೇ ಅವಳ ಗಂಡನ ಅಣ್ಣನ ಮಗ ತಿಮ್ಮಯ್ಯ ಒಬ್ಬ ವಕೀಲರನ್ನು ಕರೆದುಕೊಂಡು ಬಂದ. ವಕೀಲರು ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಮೊಹರು ಬಿದ್ದ, ಮರಣದ ದಾಖಲೆಯ ನಕಲು. ಅದರ ಪ್ರಕಾರ ಲಕ್ಕಮ್ಮ ಸತ್ತು ಹದಿನೈದು ವರ್ಷವಾಗಿತ್ತು.

"ನಮ್ಮ ಚಿಕ್ಕಮ್ಮ ಸತ್ತೇ ಹೋಗಿದಾಳೆ ಸ್ವಾಮಿ. ಇವಳು ಯಾರೋ ಏನೋ," ಎಂದ ತಿಮ್ಮಯ್ಯ, ಅವಳ ಮುಖ ನೋಡದೆ. ಸತ್ತದ್ದು ನಿಜವಾದರೆ ತೋಟ ವಾರಸುದಾರನಾದ ಅವನದು.

ಲಕ್ಕಮ್ಮ ಗಾಬರಿಯಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಎಸ್ಟೇಟಿಗೆ ಆಳು ಒಯ್ಯುವ ಮೇಸ್ತ್ರಿ ಊರೂರಲ್ಲಿ ಹೆಸರು ಹಿಡಿದು, ಪಟ್ಟಿಯನ್ನು ಮೊದಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಕೊಡುತ್ತಿದ್ದ. ಪಟ್ಟಿಯಲ್ಲಿ ಎಷ್ಟು ಹೆಸರೋ ಅಷ್ಟು ತಲೆ ಎಸ್ಟೇಟಿನಲ್ಲಿ ಇಳಿಯಬೇಕು. ಹೊರಡುವ ಹೊತ್ತಿಗೆ ಯಾರಾದರೂ ಹಾಸಿಗೆ ಹಿಡಿದರೆ ಹೆಸರು ತಿದ್ದುತ್ತಿರಲಿಲ್ಲ, ಆಳನ್ನು ಬದಲಾಯಿಸುತ್ತಿದ್ದರು. ಕಾಫಿ ಸೀಮೆಯಲ್ಲಿ ಇದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ಆ ವರ್ಷ ಲಕ್ಕಮ್ಮನಿಗೆ ಜ್ವರ. ಅವಳ ಹೆಸರಿನಲ್ಲಿ ಅವಳ ಗೆಳತಿ ದೇವೀರಮ್ಮ ಹೋದಳು. ಹಾಜರಿ ಕೂಗಿದಾಗ ಲಕ್ಕಮ್ಮ ಎಂದರೆ ಓ ಎಂದಳು. ಎರಡು ತಿಂಗಳಿಗೆ ಮಲೇರಿಯಾ ಬಂದು ಸತ್ತಳು. ರೈಟರು ಆಳುಗಳ ಹಾಜರಿ ಹಿಡಿಯುವ ಚೆಕ್ ರೋಲ್ ನೋಡಿ ಲಕ್ಕಮ್ಮ ಸತ್ತಳೆಂದು ವರದಿ ಕಳಿಸಿದ, ಪಟೇಲ ಬರೆದುಕೊಂಡ. ದೇವೀರಮ್ಮನ ಎರಡು ವರ್ಷದ ಕೂಸು ಲಕ್ಕಮ್ಮನ ಮಡಿಲಿಗೆ ಬಂತು. ಆ ಕೂಸೇ ಸೀತೆ.

"ನನ್ನ ಹೆಸ್ರಲ್ಲಿ ಅವ್ಳು ಸತ್ಲು ಅಯ್ಯಾ. ನನ್ನ ಹೆಸ್ರಲ್ಲಿ ಇರಾದು ಅವ್ಳ ಮಗ್ಳಿಗೆ ಹೋಗ್ಬೇಕು. ನಾನು ಕೇಳಾದು ಇಷ್ಟೇಯ" ಎಂದಳು ಲಕ್ಕಮ್ಮ.

"ಸುಳ್ಳು ಹೇಳೋರೂ ಹೀಗೇ ಅಳ್ತಾರೆ" ಎಂದರು ಇವರು.

"ನಾನು ಅತ್ತಿಲ್ಲವಲ್ಲ ಅಯ್ಯಾ."

ಇವರು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು.

ಗುರುತಿನ ಸಾಕ್ಷಿಗೆ ಅವಳು ನೆರೆಮನೆಯವನೊಬ್ಬನನ್ನೂ, ಬಣಕಲ್ಲಿನ ಅಂಗಡಿಯ ಇಬ್ರಾಹಿಂ ಸಾಹೇಬರನ್ನೂ ಕರೆತಂದಿದ್ದಳು. "ಇಪ್ಪತ್ತು ವರ್ಷದಿಂದ ನಮ್ಮ ಅಂಗಡೀಲಿ ಉಪ್ಪು ಮೆಣ್ಸು ತಗಳೋ ಹೆಂಗ್ಸು ಸ್ವಾಮಿ. ಸತ್ತೋರು ಉಪ್ಪು ತಗಳ್ತಾರಾ?" ಎಂದರು ಸಾಹೇಬರು. ಇವರಿಗೆ ಅದು ಸಾಲದು. ಮೇಸ್ತ್ರಿಯನ್ನು ಕರೆಸಿದರೆ, ಆಳು ಬದಲಾಯಿಸಿದ್ದೇ ಇಲ್ಲ ಎಂದು ತಲೆಯಾಡಿಸಿ ಹೋದ. ಒಪ್ಪಿಕೊಂಡರೆ ಅವನ ಹೊಟ್ಟೆಪಾಡು ಹೋಗುತ್ತಿತ್ತು. ವಕೀಲರಿಗೆ ಖುಷಿಯಾಯಿತು. ಸರ್ಕಾರದ ಮೊಹರೇ ಇರುವಾಗ ಇನ್ನೇನು ಬೇಕು ಎಂದರು. ಇವರು ಮರಣದ ನಕಲನ್ನು ಬೆಳಕಿಗೆ ಹಿಡಿದು ನೋಡಿ, "ಸತ್ತವಳ ಹೆಬ್ಬೆಟ್ಟನ್ನ ಪಟೇಲ ಒತ್ತಿಸ್ಕೊಂಡಿದ್ನೇನ್ರೀ? ಇದೂ ಯಾರೋ ಹೇಳಿದ ಮಾತೇ. ಮೊಹರು ಹಾಕಿದೆ, ಅಷ್ಟೇ" ಎಂದರು. ಅವರು ಮನುಷ್ಯರನ್ನು ನಂಬುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕಾಗದವನ್ನೂ ನಂಬುವುದಿಲ್ಲ ಎಂದು ತಿಳಿದದ್ದು ಅವತ್ತೇ.

ಆ ಸಾವಿನ ವರದಿಗೂ ಹಿಂದೆ ಲಕ್ಕಮ್ಮ ಅದೇ ತೋಟದ ಒಂದು ಮೂಲೆಯನ್ನು ಮಾರಿದ್ದಳಂತೆ. ಹುಡುಕಿದರೆ ಹಳೆಯ ರಿಜಿಸ್ಟರಿನಲ್ಲಿ ಅವಳ ಎಡಗೈ ಹೆಬ್ಬೆಟ್ಟು ಸಿಕ್ಕಿತು. ಗೆರೆಗಳು ಚೆನ್ನಾಗಿದ್ದವು, ನಡುವೆ ಒಂದು ಸುಳಿ. ಇನ್ನೇನು, ಈಗಿನದನ್ನು ಒತ್ತಿಸಿ ಹೋಲಿಸಿದರೆ ಮುಗಿಯಿತು. ಒತ್ತಿಸಿದೆವು. ಕಾಗದದ ಮೇಲೆ ಬರೀ ಒಂದು ಕರಿಯ ಮಚ್ಚೆ ಬಿತ್ತು. ಮತ್ತೆ ಒತ್ತಿಸಿದೆವು, ಮತ್ತೆ ಮಚ್ಚೆ. ವರ್ಷಗಟ್ಟಲೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ಕಾಫಿ ಬೀಜ ಉಜ್ಜಿ ಉಜ್ಜಿ ತೊಳೆದವಳ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಲಕ್ಕಮ್ಮ ತನ್ನ ಹೆಬ್ಬೆರಳನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಗೆರೆ ಮತ್ತೆ ಬರುತ್ತೆ" ಎಂದರು ಇವರು. ಹಿಂದೆ ಕೆಲಸ ಮಾಡಿದ್ದ ಊರಿನಲ್ಲಿ ಸುಣ್ಣ ಸುಡುವವರ ಬೆರಳು ಸವೆದು, ಒಂದು ತಿಂಗಳು ಕೆಲಸ ಬಿಟ್ಟ ಮೇಲೆ ಗೆರೆ ಮೂಡಿದ್ದನ್ನು ಕಂಡಿದ್ದರಂತೆ. ಲಕ್ಕಮ್ಮನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಸಿ, ಗಂಟಿನ ಮೇಲೆ ಅರಗು ಕಾಯಿಸಿ ಹಾಕಿ, ಕಚೇರಿಯ ಮೊಹರು ಒತ್ತಿದರು. ಕೆಲಸ ಮಾಡದೆ ತಿಂಗಳು ಬಿಟ್ಟು ಬಾ ಎಂದು ಕಳಿಸಿದರು. ಎಂಟೇ ದಿನಕ್ಕೆ ಅವಳು ಒಡೆದ ಮೊಹರಿನೊಂದಿಗೆ ಬಂದು ನಿಂತಳು. "ಹೊಟ್ಟೆ ಕೇಳ್ಬೇಕಲ್ಲ ಅಯ್ಯಾ. ಒಂದು ಕೈಲಿ ತೊಟ್ಟಿ ಕೆಲ್ಸ ಆಗಾಕಿಲ್ಲ" ಎಂದಳು.

ಇವರು ಒಡೆದ ಅರಗನ್ನು ತಿರುಗಿಸಿ ನೋಡಿ, "ನಿನ್ನನ್ನ ನಂಬೋಕಾಗೋದಿಲ್ಲ. ನಮ್ಮನೇಲೇ ಇರು, ಕಣ್ಣೆದುರಿಗೆ" ಎಂದರು.

ಹೀಗೆ ಲಕ್ಕಮ್ಮ ಅವರ ಮನೆಯ ಹಿತ್ತಲ ಜಗಲಿಗೆ ಬಂದಳು. ಸೀತೆ ನೆರೆಮನೆಯವರ ಜೊತೆ ಇದ್ದುಕೊಂಡು ತೋಟ ನೋಡಿಕೊಂಡಳು. ಇವರ ಹೆಂಡತಿ, ನಾವು ಅಮ್ಮನವರು ಎನ್ನುತ್ತಿದ್ದವರು, ಮೆತ್ತಗಿನ ಹೆಂಗಸು. ಎರಡು ಹೊತ್ತು ಊಟ ಹಾಕುವರು, ಭಾನುವಾರ ಮೊಹರು ಬಿಚ್ಚಿದಾಗ ಹರಳೆಣ್ಣೆ ಹಚ್ಚುವರು. ಇವರು ಭೂತಗನ್ನಡಿ ಹಿಡಿದು ಬೆರಳು ನೋಡಿ, ಮತ್ತೆ ಕಟ್ಟಿಸಿ, ಮತ್ತೆ ಅರಗು ಹಾಕುವರು. ಲಕ್ಕಮ್ಮನಿಗೆ ಸುಮ್ಮನೆ ಕೂರುವ ಅಭ್ಯಾಸವೇ ಇರಲಿಲ್ಲ. ಅಮ್ಮನವರ ಮೊರದಲ್ಲಿ ಅಕ್ಕಿ ಕಂಡರೆ ಕೈ ತಾನಾಗಿ ಕಲ್ಲು ಆರಿಸಲು ಹೋಗುತ್ತಿತ್ತು. ಒಳಗಿನಿಂದ "ಕೈ!" ಎಂದು ಕೂಗು ಬರುತ್ತಿತ್ತು. "ಜೈಲಲ್ಲಾದ್ರೂ ಕೆಲ್ಸ ಕೊಡ್ತಾರಂತೆ ಅಮ್ಮಾ" ಎಂದು ಅವಳು ನಗುತ್ತಿದ್ದಳು.

ಊರು ಸುಮ್ಮನಿರುತ್ತದೆಯೇ? ಹೋಟೆಲಿನಲ್ಲಿ, ಬಸ್ಸಿನಲ್ಲಿ ಇದೇ ಮಾತು. ಯಾರನ್ನೂ ನಂಬದ ಮನುಷ್ಯ ಆಳು ಹೆಂಗಸೊಬ್ಬಳನ್ನು ಮನೆಯಲ್ಲಿಟ್ಟು ಅನ್ನ ಹಾಕುತ್ತಾನೆಂದರೆ ಒಳಗೆ ಏನೋ ಇದೆ ಎಂದು ಜನ ಆಡಿಕೊಂಡರು. ನನಗೂ ಹಾಗೇ ಅನಿಸಿತು. ಒಂದು ಭಾನುವಾರ ಅವರು ಬಣಕಲ್ಲಿಗೆ ಹೋಗಿ, ಲಕ್ಕಮ್ಮನ ತೋಟದ ನಾಲ್ಕೂ ಬೇಲಿ ಸುತ್ತಿ, ಗಿಡ ಮುಟ್ಟಿ, ಅಕ್ಕಪಕ್ಕದವರನ್ನು ವಿಚಾರಿಸಿ ಬಂದರೆಂದು ಕೇಳಿದೆ. ಕೊಳ್ಳುವವನು ನೋಡುವ ಹಾಗೆ ನೋಡಿದರಂತೆ. ತೋಟ ಸೀತೆಯ ಹೆಸರಿಗೆ ಬರುವುದು, ಅಲ್ಲಿಂದ ಇವರ ಹೆಂಡತಿಯ ಹೆಸರಿಗೆ ಹೋಗುವುದು. ನನ್ನ ತಲೆಯಲ್ಲಿ ಎಲ್ಲ ಸರಿಯಾಗಿ ಕೂತಿತು. ಜಗಲಿಯ ಜನರೆದುರು ಹೊರಗೆಳೆದ ನನ್ನ ಎರಡು ಜೇಬೂ ನೆನಪಾದವು.

ಚಿಕ್ಕಮಗಳೂರಿನ ಮೇಲಧಿಕಾರಿಗಳಿಗೆ, ಹೆಸರು ಹಾಕದೆ, ಮೂಗರ್ಜಿ ಬರೆದೆ. ಅಕ್ಷರ ಗೊತ್ತಾಗಬಾರದೆಂದು ಎಡಗೈಯಲ್ಲಿ ಬರೆದೆ. ಸರ್ಕಾರದ ಮೊಹರಿನ ದುರುಪಯೋಗ, ಒಂದು ಕಡೆಯ ಪಕ್ಷಪಾತ, ಮನೆಯಲ್ಲಿ ಹೆಂಗಸು, ತೋಟದ ಮೇಲೆ ಕಣ್ಣು. ಒಂದೊಂದಕ್ಕೂ ಅಂಕಿ ಹಾಕಿ ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ, ತಿಮ್ಮಯ್ಯ ಒಂದು ಲೋಟ ಕಾಫಿ ಕೂಡ ಕೊಡಿಸಿರಲಿಲ್ಲ.

ವಿಚಾರಣೆಗೆ ಮೇಲಿನವರೊಬ್ಬರು ಬಂದರು. ಲಕ್ಕಮ್ಮನನ್ನು ನೋಡಿದರು, ಅರಗಿನ ಗಂಟು ನೋಡಿದರು. ನನ್ನನ್ನು ಕರೆದು, ನಿಮ್ಮ ಸಾಹೇಬರು ಎಂಥವರು ಎಂದು ಕೇಳಿದರು. ಪ್ರಾಮಾಣಿಕರು ಎಂದು ಒಂದು ಮಾತು ಹೇಳಬಹುದಿತ್ತು. ಮೂರು ವರ್ಷದಲ್ಲಿ ಅವರು ಯಾರ ಮನೆಯ ಒಂದು ನಿಂಬೆಹಣ್ಣನ್ನೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. "ನನಗೆ ಅಷ್ಟು ಗೊತ್ತಿಲ್ಲ ಸ್ವಾಮಿ" ಎಂದೆ. ವಾರದಲ್ಲಿ ವರ್ಗದ ಹುಕುಂ ಬಂತು. ಹತ್ತು ದಿನದೊಳಗೆ ಚಾರ್ಜು ಕೊಟ್ಟು ಬಯಲುಸೀಮೆಯ ಒಂದು ಮೂಲೆಗೆ ಹೋಗಬೇಕು.

ಲಕ್ಕಮ್ಮನ ಬೆರಳಿಗೆ ಆಗ ಐದನೆಯ ವಾರ. ಭೂತಗನ್ನಡಿಯಲ್ಲಿ ಅಂಚಿನ ನಾಲ್ಕೈದು ಗೆರೆ ಮಾತ್ರ ಕಾಣುತ್ತಿದ್ದವು, ನಡುವಿನ ಸುಳಿ ಬಂದಿರಲಿಲ್ಲ. ಹೊಸ ಅಧಿಕಾರಿ ಬಂದರೆ ಮರಣದ ನಕಲೇ ಸಾಕು, ಒಂದು ದಿನದ ಕೆಲಸ ಎಂದು ವಕೀಲರು ಜಗಲಿಯಲ್ಲಿ ನಿಂತು ಕೇಳುವಂತೆಯೇ ಹೇಳಿದರು. ಇವರು ಅವತ್ತಿನಿಂದ ದಿನಾ ಮೊಹರು ಬಿಚ್ಚಿ ಬೆರಳು ನೋಡಿದರು. ಅಮ್ಮನವರು ಈಗ ದಿನಾ ಎಣ್ಣೆ ಹಚ್ಚತೊಡಗಿದರು. ಲಕ್ಕಮ್ಮ ನಗುವುದನ್ನು ಬಿಟ್ಟು, ಎಡಗೈಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ನನಗೆ ಮಾತ್ರ ಇನ್ನೂ ಗುಮಾನಿಯೇ. ಇಷ್ಟು ಅವಸರ ಯಾಕೆ, ಇವರಿಗೇನು ಬರುವುದಿದೆ ಎಂದು ನೋಡುತ್ತಲೇ ಇದ್ದೆ.

ಕಡೆಯ ದಿನ ತಿಮ್ಮಯ್ಯನನ್ನೂ ವಕೀಲರನ್ನೂ ಕರೆಸಿದರು. ಎಲ್ಲರೆದುರು ಮೊಹರು ತೋರಿಸಿ, ಒಡೆದು, ಬಟ್ಟೆ ಬಿಚ್ಚಿಸಿದರು. ಲಕ್ಕಮ್ಮ ಸೀಗೆಪುಡಿಯಲ್ಲಿ ಬೆರಳು ತೊಳೆದುಕೊಂಡಳು. ಇವರು ಜನಿವಾರದ ಬೀಗದ ಕೈಯಿಂದ ಪೆಟ್ಟಿಗೆ ತೆಗೆದು ತಾವೇ ಮಸಿ ಹಚ್ಚಿದರು. ಹೆಬ್ಬೆಟ್ಟು ಕಾಗದದ ಮೇಲೆ ಒತ್ತಿ ಎತ್ತಿದಾಗ ಕಚೇರಿಯಲ್ಲಿದ್ದವರೆಲ್ಲ ಮೇಜಿನ ಕಡೆಗೆ ಬಾಗಿದರು.

ಗೆರೆಗಳು ಬಂದಿದ್ದವು. ತೆಳ್ಳಗೆ, ಅಲ್ಲಲ್ಲಿ ತುಂಡಾಗಿ, ಆದರೆ ನಡುವೆ ಸುಳಿ ಇತ್ತು.

ಅವರು ನೋಡಲೇ ಇಲ್ಲ. ಭೂತಗನ್ನಡಿಯನ್ನು ವಕೀಲರ ಕೈಗೆ ಕೊಟ್ಟು, "ನೀವೇ ನೋಡಿ. ನಾನು ಹೇಳಿದ್ರೆ ನಂಬಬೇಡಿ" ಎಂದರು. ವಕೀಲರು ಹಳೆಯದನ್ನೂ ಹೊಸದನ್ನೂ ಬಹಳ ಹೊತ್ತು ನೋಡಿ, ಗಾಜನ್ನು ನನ್ನ ಮುಂದೆ ಇಟ್ಟರು. ಸುಳಿಯಿಂದ ಅಂಚಿನವರೆಗೆ ಗೆರೆ ಎಣಿಸು ಎಂದು ಇವರು ನನಗೆ ಹೇಳಿದರು. ಎಣಿಸಿದೆ. ಎರಡೂ ಒಂದೇ. "ಒಂದೇ ಸ್ವಾಮಿ" ಎಂದೆ. ತಿಮ್ಮಯ್ಯ ಎದ್ದು ಹೊರಗೆ ಹೋದ. ದಾನಪತ್ರ ರಿಜಿಸ್ಟರಾಯಿತು. ಲಕ್ಕಮ್ಮ ಕಾಲಿಗೆ ಬೀಳಲು ಬಂದರೆ, ಇವರು ಹಿಂದೆ ಸರಿದು, "ನಿನ್ನ ಬೆರಳು ಹೇಳಿದ್ದನ್ನ ಬರ್ಕೊಂಡೆ, ಅಷ್ಟೇ. ಹೋಗಮ್ಮ" ಎಂದರು. ಅವಳು ಆಲ್ದೂರಿನಲ್ಲಿ ಸೀತೆಗೆ ಗಂಡು ಗೊತ್ತಾಗಿರುವ ಸುದ್ದಿಯನ್ನು ಅಮ್ಮನವರಿಗೆ ಹೇಳಿ ಹೋದಳು. ತೋಟ ಸೀತೆಯ ಹೆಸರಿನಲ್ಲೇ ಉಳಿಯಿತು. ಮುಂದೆ ಎಷ್ಟೋ ವರ್ಷ ನಾನು ಆ ಖಾತೆಯನ್ನು ತೆಗೆದು ತೆಗೆದು ನೋಡಿದ್ದೇನೆ, ಇವರ ಕಡೆಯ ಯಾರ ಹೆಸರೂ ಅಲ್ಲಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವರ ಟ್ರಂಕನ್ನು ಚಿಕ್ಕಮಗಳೂರಿನ ಬಸ್ಸಿಗೆ ಏರಿಸಲು ನಾನೇ ಹೋದೆ. ಪೆಟ್ರೋಲ್ ಸಿಗದ ಯುದ್ಧಕಾಲದ ಇದ್ದಿಲ ಬಸ್ಸು, ಹೊರಡಲು ಹೊತ್ತು ಹಿಡಿಯುತ್ತಿತ್ತು. ಅಮ್ಮನವರು ಒಳಗೆ ಕೂತಿದ್ದರು. ಇವರು ನನ್ನನ್ನು ಪಕ್ಕಕ್ಕೆ ಕರೆದರು.

"ಆ ಅರ್ಜಿ ನೀನು ಬರೆದದ್ದೇನಯ್ಯ?"

"ಇಲ್ಲ ಸ್ವಾಮಿ."

ಮುಂದಿನ ಪ್ರಶ್ನೆಗಳಿಗೆ ನಾನು ಸಿದ್ಧನಾದೆ. ಆ ದಿನ ಎಲ್ಲಿದ್ದೆ, ಯಾವ ಮಸಿ, ಎಡಗೈಯಲ್ಲಿ ನಿನ್ನ ಹೆಸರು ಬರೆದು ತೋರಿಸು. ಬರೆಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಅವರು ನನ್ನ ಮುಖ ನೋಡಿದರು.

"ಸರಿ. ನೀನು ಇಲ್ಲ ಅಂದ್ಮೇಲೆ ಮುಗೀತು," ಎಂದು ನನ್ನ ಭುಜ ತಟ್ಟಿ ಬಸ್ಸು ಹತ್ತಿದರು.

ಒಬ್ಬ ಮನುಷ್ಯನ ಮಾತನ್ನು ಅವರು ಹಾಗೇ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬಸ್ಸು ಹೊರಟಿತು. ಹೇಳಿಬಿಡಬೇಕೆಂದು ಅದರ ಹಿಂದೆ ಓಡಿದೆ. ಯಾರೋ ಹತ್ತುವವನಿರಬೇಕೆಂದು ಡ್ರೈವರ್ ನಿಲ್ಲಿಸಿದ. ಕಿಟಕಿಯಲ್ಲಿ ಅವರ ಮುಖ ಕಂಡಿತು, ಏನು ಎನ್ನುವ ಹಾಗೆ ಹುಬ್ಬೇರಿಸಿದರು. ನಾನು ಅಲ್ಲೇ ನಿಂತು, ಏನಿಲ್ಲ, ಹೋಗಿ ಎಂದು ಕೈಯಾಡಿಸಿದೆ.